ನಮ್ಮ ಓಣಿ ಗುಂಪು, ನವನಗರ, ಬಾಗಲಕೋಟೆ: ಕೆಂಚ್ಯಾನ ವಿಷಯ

ನೀಲಿ ಗೇಟ್ ಮನೆ · ರಾತ್ರಿ 2:10
ಸಾಕಾಗಿ ಹೋಗಿದೆ. ಹನ್ನೊಂದು ಗಂಟೆಯಿಂದ ಒಂದೇ ಸಮನೆ ಬೊಗಳಾಟ. ಆ ಖಾಲಿ ಸೈಟಿನಲ್ಲಿ ನಾಯಿ ತಂದು ಕಟ್ಟಿದವರು ಯಾರು? ಮಗನಿಗೆ ಬೆಳಿಗ್ಗೆ ಗಣಿತ ಪೇಪರ್. ಹತ್ತನೇ ಕ್ಲಾಸು. ಹುಡುಗ ಕಿವಿಗೆ ಹತ್ತಿ ತುರುಕಿಕೊಂಡು ಹೊರಳಾಡ್ತಾ ಇದ್ದಾನೆ. ನಾಳೆ ಸಂಜೆ ಒಳಗೆ ಆ ನಾಯಿ ಅಲ್ಲಿರಬಾರದು. ಇದ್ದರೆ ನಾನೇ ಗಾಡಿಗೆ ಹಾಕ್ಕೊಂಡು ಗದ್ದನಕೇರಿ ಕ್ರಾಸಿಗೆ ಬಿಟ್ಟು ಬರ್ತೀನಿ. ಆಮೇಲೆ ಯಾರೂ ಬಂದು ಕೇಳಬೇಡಿ.

ನೀಲಿ ಗೇಟ್ ಮನೆ · 2:13
ಈಗ ಮತ್ತೆ ಶುರು.

ತುದಿಮನೆ ಅಜ್ಜಾರು · ಬೆಳಿಗ್ಗೆ 5:02
ಶುಭೋದಯ 🌹 ಎದ್ದ ಕೂಡಲೇ ಒಂದು ತಂಬಿಗೆ ಬಿಸಿನೀರು ಕುಡಿದರೆ ಎಪ್ಪತ್ತು ರೋಗ ದೂರ. ಹತ್ತು ಜನರಿಗೆ ಕಳಿಸಿ, ಪುಣ್ಯ ಬರುತ್ತೆ.

ಕಿರಾಣಿ ಕಾಕಾ · 5:40
ಬೊಗಳಿದ್ದು ಕಟ್ಟಿದ ನಾಯಿ ಅಲ್ಲ ರೀ. ನಮ್ಮ ಓಣಿಯ ಖಾಯಂ ಗ್ಯಾಂಗ್ ಅದರ ಸುತ್ತ ನಿಂತು ಬೊಗಳ್ತಾ ಇತ್ತು. ಹಾಲಿನ ಗಾಡಿ ಬಂದಾಗ ನಾನೇ ನೋಡಿದೆ. ಅದು ಪಾಪ ಕಲ್ಲಿನ ಸಂದಿಯಲ್ಲಿ ಮುದುಡಿ ಕೂತಿತ್ತು, ಬಾಯಿ ಕೂಡ ತೆರೆದಿಲ್ಲ.

ನೀಲಿ ಗೇಟ್ ಮನೆ · 5:44
ಯಾವುದು ಬೊಗಳಿದರೂ ನನಗೆ ನಿದ್ದೆ ಬಂದಿಲ್ಲ ಕಾಕಾ.

ನಿವೃತ್ತ ಸಾಹೇಬ್ರು · 6:15
ಎಲ್ಲರಿಗೂ ನಮಸ್ಕಾರ. ನಾನು ಹೋದ ವರ್ಷದ ಮೀಟಿಂಗಿನಲ್ಲೇ ಹೇಳಿದ್ದೆ, ರೆಜಿಸ್ಟರಿನಲ್ಲಿ ಬರೆದಿದ್ದೂ ಇದೆ. ಈ ಓಣಿಯಲ್ಲಿ ಹೇಳೋರು ಕೇಳೋರು ಯಾರೂ ಇಲ್ಲದಂತೆ ಆಗಿದೆ. ಯಾರನ್ನ ಕೇಳಿ ನಾಯಿ ಕಟ್ಟಿದರು? ಸೈಟಿನ ಮಾಲೀಕರ ಒಪ್ಪಿಗೆ ಇದೆಯಾ? ಸುಪ್ರೀಂ ಕೋರ್ಟು ಬೀದಿನಾಯಿಗಳನ್ನೆಲ್ಲ ಹಿಡಿದು ಒಳಗೆ ಹಾಕಿ ಅಂತ ಆದೇಶ ಮಾಡಿ ಆಗಿದೆ. ಇನ್ನು ಚರ್ಚೆ ಏನು? ನಾನು ಒಂದು ಅರ್ಜಿ ಬರೀತೀನಿ, ಎಲ್ಲರೂ ಸಹಿ ಮಾಡಿ.

ಮೇಲಿನ ಮನೆ ಬಾಡಿಗೆ ಹುಡುಗಿ · 6:52
ಕಟ್ಟಿದ್ದು ನಾನೇ ಅಂಕಲ್. ಸೋಮವಾರವೇ ಇಲ್ಲಿ ಮೆಸೇಜು ಹಾಕಿದ್ದೆ. ಆ ದಿನ ಎಲ್ಲರೂ ಟ್ಯಾಂಕರ್ ಜಗಳದಲ್ಲಿ ಇದ್ದಿರಿ.

ಅವನು ಕೆಂಚ್ಯಾ. ಗೊತ್ತಿಲ್ಲ ಅಂತ ಯಾರೂ ಹೇಳಬೇಡಿ. ಗುಡಿ ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಾಯ್ದಾಗ ನಿಮ್ಮೆಲ್ಲರ ಎದುರಿಗೇ ಎತ್ತಿಕೊಂಡು ಹೋಗಿದ್ದು. ಆಪರೇಷನ್ ಆಯ್ತು, ಊರ ಹೊರಗೆ ನಾವು ಹುಡುಗರು ನಡೆಸುವ ನಾಯಿ ಶೆಡ್‌ನಲ್ಲಿ ಇದ್ದ. ಈಗ ಶೆಡ್ ಜಾಗದ ಮಾಲೀಕರು ಜಾಗ ಬೇಕು ಅಂದಿದ್ದಾರೆ. ಉಳಿದ ನಾಯಿಗಳಿಗೆ ಮನೆ ಸಿಕ್ತು. ಮರಿಗಳನ್ನ ಜನ ಬೇಗ ಒಯ್ತಾರೆ. ಇವನು ದೊಡ್ಡವನು, ಹಿಂದಿನ ಎಡಗಾಲು ಎಳೀತಾನೆ, ಬಣ್ಣ ನಮ್ಮ ಬೀದಿ ಬಣ್ಣ. ಫೋಟೋ ನೋಡಿ ಎಲ್ಲರೂ 'ಅಯ್ಯೋ ಎಷ್ಟು ಮುದ್ದು' ಅಂತಾರೆ, ಆಮೇಲೆ ಫೋನ್ ಎತ್ತಲ್ಲ.

ಮನುಷ್ಯರು ಅಂದರೆ ಜೀವ. ಮಕ್ಕಳು ಬಾಲ ಎಳೆದರೂ ತಿರುಗಿ ನೋಡಿ ಸುಮ್ಮನಾಗ್ತಾನೆ. ರೊಟ್ಟಿ ತುಂಡು ಕೊಟ್ಟರೆ ಹಲ್ಲು ತಾಗಿಸಲ್ಲ, ತುಟಿಯಲ್ಲೇ ಮೆಲ್ಲಗೆ ತಗೋತಾನೆ. ಯಾರ ಮನೆಗೆ ಕರೆದೊಯ್ದರೂ ಮೊದಲ ಮೆಟ್ಟಿಲ ಮೇಲೆ ಮುಂಗಾಲು ಇಟ್ಟು ನಿಂತುಬಿಡ್ತಾನೆ, ಬಾ ಅನ್ನುವವರೆಗೂ ಒಳಗೆ ಬರಲ್ಲ. ರೇಬೀಸ್ ಲಸಿಕೆ ಆಗಿದೆ, ಸಂತಾನಹರಣ ಆಗಿದೆ, ಕಾರ್ಡು ನನ್ನ ಹತ್ತಿರ ಇದೆ. ಒಂದು ಮನೆ ಸಾಕು.

ಮಾಸ್ತರ ಮನೆ ಅಕ್ಕ · 7:05
ಕೆಂಚ್ಯಾನಾ!! ನಾನು ಗುರುತೇ ಹಿಡೀಲಿಲ್ಲ. ಎಷ್ಟು ಸೊರಗಿದ್ದಾನೆ. ಅವನ ಕಿವಿ ತುದಿ ಯಾರೋ ಕತ್ತರಿಸಿದ್ದಾರಲ್ಲ, ಎಂಥ ಜನ.

ವೆಟರ್ನರಿ ಓದುವ ತಮ್ಮ · 7:11
ಅಕ್ಕಾ, ಅದು ಗುರುತು. ಸಂತಾನಹರಣ ಆಪರೇಷನ್ ಆದ ನಾಯಿ ಅಂತ ದೂರದಿಂದ ಗೊತ್ತಾಗಲಿ, ಮತ್ತೆ ಹಿಡಿದು ಕೊಯ್ಯದೇ ಇರಲಿ ಅಂತ ಮಾಡ್ತಾರೆ. ಅರಿವಳಿಕೆಯಲ್ಲಿ ಇದ್ದಾಗಲೇ ತೆಗೀತಾರೆ, ನೋವಾಗಲ್ಲ.

ಸಾಹೇಬ್ರೇ, ಕೋರ್ಟಿನ ವಿಷಯ ಅರ್ಧ ಸರಿ. 2025ರ ಆಗಸ್ಟ್ 11ರ ಆದೇಶ ದಿಲ್ಲಿ ಸುತ್ತಮುತ್ತದ್ದು. ಅದನ್ನ ಆಗಸ್ಟ್ 22ಕ್ಕೆ ಕೋರ್ಟೇ ಬದಲಿಸಿತು: ಆಪರೇಷನ್, ಲಸಿಕೆ ಮಾಡಿ ಹಿಡಿದ ಜಾಗಕ್ಕೇ ಬಿಡಿ, ರೇಬೀಸ್ ಇರೋದನ್ನ, ಮೈಮೇಲೆ ಬೀಳೋದನ್ನ ಮಾತ್ರ ಬಿಡಬೇಡಿ ಅಂತ. ನವೆಂಬರ್ ಆದೇಶ ಶಾಲೆ, ಆಸ್ಪತ್ರೆ, ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್ ಆವರಣಗಳ ಬಗ್ಗೆ. ಅಲ್ಲಿಂದ ಹಿಡಿದರೆ ವಾಪಸ್ ಬಿಡಂಗಿಲ್ಲ. ನಮ್ಮ ಓಣಿ ಅದರಲ್ಲಿ ಯಾವುದೂ ಅಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಬೇರೆ ಕಡೆ ಒಯ್ದು ಬಿಡೋದೂ ತಪ್ಪು. ಗದ್ದನಕೇರಿ ಕ್ರಾಸ್ ಅಂತೂ ಹೆದ್ದಾರಿ, ಕುಂಟು ಕಾಲಿನ ನಾಯಿ ಒಂದು ರಾತ್ರಿ ಉಳಿಯಲ್ಲ.

ನಿವೃತ್ತ ಸಾಹೇಬ್ರು · 7:14
ನೀನಿನ್ನೂ ಓದ್ತಾ ಇರೋನು ತಮ್ಮಾ. ನಾನು ಮೂವತ್ತು ವರ್ಷ ಫೈಲು ನೋಡಿದವನು.

ಕಿರಾಣಿ ಕಾಕಾ · 7:15
ಫೈಲಿಗೆ ಬಾಲ ಇರಲ್ಲ ಸಾಹೇಬ್ರೇ 😂

ನಿವೃತ್ತ ಸಾಹೇಬ್ರು · 7:16
ಇದು ನಗೋ ವಿಷಯ ಅಲ್ಲ.

ಹೊಸ ಡ್ಯೂಪ್ಲೆಕ್ಸ್ ಅಣ್ಣ · 8:20
ಮುಧೋಳ ನಾಯಿ ಆಗಿದ್ದರೆ ನಾನೇ ಇಟ್ಕೋತಿದ್ದೆ ರೀ. ನಮ್ಮ ಜಿಲ್ಲೆಯ ಹೆಮ್ಮೆ. ಗೇಟಿನ ಮುಂದೆ ನಿಂತರೆ ಒಂದು ಕಳೆ.

ವೆಟರ್ನರಿ ಓದುವ ತಮ್ಮ · 8:31
ಅಣ್ಣಾ, ಮುಧೋಳ ಬೇಟೆನಾಯಿ. 2005ರಲ್ಲಿ ಅಂಚೆ ಚೀಟಿ ಮೇಲೂ ಬಂತು, ನಿಜ. ಆದರೆ ಅದಕ್ಕೆ ಓಡೋಕೆ ಹೊಲ ಬೇಕು. 30/40ರ ಸೈಟಿನಲ್ಲಿ ಸರಪಳಿ ಹಾಕಿ ಕಟ್ಟಿದರೆ ಸೊರಗುತ್ತೆ, ಇಲ್ಲವೇ ಸಿಟ್ಟಿನದಾಗುತ್ತೆ. ಮರಿ ಬೇಕೇ ಬೇಕಾದರೆ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ. ಗೇಟಿನ ಮುಂದೆ ಮಲಗೋಕೆ ಕೆಂಚ್ಯಾನೇ ಸರಿ.

ಹೊಸ ಡ್ಯೂಪ್ಲೆಕ್ಸ್ ಅಣ್ಣ · 8:33
ಹೊಸ ಟೈಲ್ಸ್ ಹಾಕಿಸಿದ್ದೀವಿ ತಮ್ಮಾ.

ಪೋರ್ಚ್ ಮನೆ ವೈನಿ · 9:10
ನಾಯಿ ಒಳ್ಳೇದೇ ಇರಬಹುದು. ನನಗೆ ಎರಡು ಸಣ್ಣ ಮಕ್ಕಳು. ಕಚ್ಚಿದರೆ? ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಯಾರು ಹಾಕಿಸ್ತಾರೆ?

ವೆಟರ್ನರಿ ಓದುವ ತಮ್ಮ · 9:18
ವೈನಿ, ಆ ಹೊಕ್ಕುಳದ ಕಾಲ ಹೋಗಿ ಬಹಳ ವರ್ಷ ಆಯ್ತು. ಈಗ ತೋಳಿಗೆ ಕೊಡ್ತಾರೆ. ಚರ್ಮಕ್ಕೆ ಕೊಡುವ ಕ್ರಮದಲ್ಲಿ ಮೊದಲ ದಿನ, ಆಮೇಲೆ 3, 7, 28ನೇ ದಿನ. ಗಾಯದಿಂದ ರಕ್ತ ಬಂದರೆ ಜೊತೆಗೆ ರೇಬೀಸ್ ತಡೆಯುವ ಸೀರಮ್ ಕೂಡ. ಯಾವ ನಾಯಿ ಕಚ್ಚಿದರೂ, ಪರಚಿದರೂ ಮೊದಲು ನಲ್ಲಿ ಕೆಳಗೆ ಸೋಪು ಹಚ್ಚಿ ಹದಿನೈದು ನಿಮಿಷ ತೊಳೀರಿ. ಆಮೇಲೆ ಸೀದಾ ಆಸ್ಪತ್ರೆ. ಸುಣ್ಣ, ಅರಿಷಿಣ, ಖಾರಪುಡಿ ಏನೂ ಹಚ್ಚಬೇಡಿ. ಇದು ಕೆಂಚ್ಯಾನ ಸಲುವಾಗಿ ಹೇಳಿದ್ದಲ್ಲ, ಎಲ್ಲರ ಸಲುವಾಗಿ.

ತುದಿಮನೆ ಅಜ್ಜಾರು · 9:20
ಗಂಡ: ಊಟ ಏನು? ಹೆಂಡತಿ: ಎರಡು ಆಯ್ಕೆ ಇದೆ. ಗಂಡ: ಯಾವುವು? ಹೆಂಡತಿ: ಉಣ್ಣು, ಇಲ್ಲಾ ಬಿಡು 😂😂

ಮಾಸ್ತರ ಮನೆ ಅಕ್ಕ · 10:02
ಅಜ್ಜಾರೇ, ವಿಷಯ ಗಂಭೀರ ಇದೆ. (ಆದರೂ ನಗು ಬಂತು)

ನನ್ನ ಮಾತು ಇಷ್ಟೇ. ಆ ಗ್ಯಾಂಗ್ ಸೈಟಿನಲ್ಲೇ ಯಾಕೆ ಬೀಡು ಬಿಟ್ಟಿದೆ? ಅಲ್ಲಿ ಊಟ ಸಿಗ್ತಿದೆ ಅಂತ ತಾನೇ? ಹೋದ ವಾರ ಎಂಜಲೆಲೆ ರಾಶಿ ಬಿದ್ದಿತ್ತು. ಮೂರು ದಿನ ನಾತ. ಅಲ್ಲಿ ಅನ್ನ ಇರೋವರೆಗೂ ಹೊಸ ನಾಯಿ ಬಂದರೆ ಅವು ಬೊಗಳೋದೇ.

ನಿವೃತ್ತ ಸಾಹೇಬ್ರು · 10:05
ಕರೆಕ್ಟ್! ಎಲೆ ಎಸೆದವರ ಹೆಸರು ಹೊರಗೆ ಬರಲಿ. ದಂಡ ಹಾಕೋಣ.

ಕಿರಾಣಿ ಕಾಕಾ · 10:09
ಸಾಹೇಬ್ರೇ, ಹೋದ ವಾರ ನಿಮ್ಮ ಮೊಮ್ಮಗನ ಜವಳದ ಊಟ ಇತ್ತಲ್ಲ. ಹೋಳಿಗೆ ಬಹಳ ಚಲೋ ಇತ್ತು.

ನೀಲಿ ಗೇಟ್ ಮನೆ · 10:09
🙊

ನಿವೃತ್ತ ಸಾಹೇಬ್ರು · 10:31
ಅಡುಗೆ ಕಾಂಟ್ರಾಕ್ಟ್‌ನವರಿಗೆ ಎಲೆ ಒಯ್ಯೋಕೂ ದುಡ್ಡು ಕೊಟ್ಟಿದ್ದೆ. ಅವರು ಎಲ್ಲಿ ಹಾಕಿದರೋ ನನಗೆ ಸಂಬಂಧ ಇಲ್ಲ. ಮೂಲ ಸಮಸ್ಯೆ ಬೇರೆ ಇದೆ. ಹಳೇ ಊರು ಮುಳುಗಡೆಯಾದಾಗ ಮನೆ ಮಠ ಬಿಟ್ಟು ಬಂದು ಈ ಓಣಿ ಕಟ್ಟಿದವರು ನಾವು. ಆಗ ಎಲ್ಲರಿಗೂ ಎಲ್ಲರೂ ಗೊತ್ತಿದ್ದರು. ಈಗ ಬಾಡಿಗೆಯವರು ಬರ್ತಾರೆ, ಹೋಗ್ತಾರೆ. ತರೋದು ಅವರು, ಅನುಭವಿಸೋದು ನಾವು.

ಮೇಲಿನ ಮನೆ ಬಾಡಿಗೆ ಹುಡುಗಿ · 10:35
ಕೆಂಚ್ಯಾ ಹುಟ್ಟಿದ್ದು ಇದೇ ಓಣಿಯಲ್ಲಿ ಅಂಕಲ್. ನಿಮ್ಮ ಪಂಪ್ ರೂಮಿನ ಹಿಂದೆ.

ಪೋರ್ಚ್ ಮನೆ ವೈನಿ · 10:38
ನಾವೂ ಬಾಡಿಗೆಯವರೇ. ಆರು ವರ್ಷ ಆಯ್ತು. ಗಣಪತಿ ಪಟ್ಟಿ ಕೇಳೋಕೆ ಬರುವಾಗ ಯಾರೂ ಬಾಡಿಗೆಯೋ ಸ್ವಂತವೋ ಅಂತ ಕೇಳಲ್ಲ.

ನಿವೃತ್ತ ಸಾಹೇಬ್ರು · 10:40
ನಾನು ಯಾರ ಹೆಸರೂ ಹೇಳಿಲ್ಲ. ನೀವೇ ಮೈಮೇಲೆ ಹಾಕ್ಕೊಂಡರೆ ನಾನೇನು ಮಾಡಲಿ.

*(ಇಬ್ಬರು ಗುಂಪು ಬಿಟ್ಟಿದ್ದಾರೆ. ಅಡ್ಮಿನ್ ಒಬ್ಬರನ್ನು ಮತ್ತೆ ಸೇರಿಸಿದ್ದಾರೆ.)*

ಅಡ್ಮಿನ್ · ಮಧ್ಯಾಹ್ನ 12:15
ಎಲ್ಲರೂ ಸ್ವಲ್ಪ ತಣ್ಣಗಾಗಿ. ಬಿಸಿಲು ಮೊದಲೇ ಜಾಸ್ತಿ. ಹುಡುಗಿ ಕೇಳ್ತಿರೋದು ಒಂದು ಮನೆ. ಖಾಯಂ ಆಗದಿದ್ದರೆ ಸದ್ಯಕ್ಕೆ ಒಂದು ತಿಂಗಳಾದರೂ. ಯಾರ ಕಾಂಪೌಂಡಿನಲ್ಲಿ ಜಾಗ ಇದೆ, ಹೇಳಿ.

ಮಾಸ್ತರ ಮನೆ ಅಕ್ಕ · 12:40
ನನಗೆ ತುಂಬಾ ಆಸೆ. ಅತ್ತೆಯವರಿಗೆ ಮಡಿ. ತುಳಸಿಕಟ್ಟೆ ಅಂಗಳದಲ್ಲೇ ಇದೆ. ಎರಡು ಹೊತ್ತು ರೊಟ್ಟಿ ನಾನೇ ಕಳಿಸ್ತೀನಿ.

ಹೊಸ ಡ್ಯೂಪ್ಲೆಕ್ಸ್ ಅಣ್ಣ · 12:44
ಊಟದ ಖರ್ಚಿಗೆ ನನ್ನ ಕಡೆಯಿಂದ ₹1000.

ಪೋರ್ಚ್ ಮನೆ ವೈನಿ · 12:50
ಮಾಲೀಕರನ್ನ ಕೇಳಬೇಕು. ಅವರು ಪುಣೆಯಲ್ಲಿ.

ಕಿರಾಣಿ ಕಾಕಾ · 12:58
ಊಟ ಕೊಡೋರು ಇದ್ದಾರೆ, ದುಡ್ಡು ಕೊಡೋರು ಇದ್ದಾರೆ. ಮದುಮಗನೂ ರೆಡಿ. ಹೆಣ್ಣಿನ ಕಡೆಯವರದ್ದೇ ಸುದ್ದಿ ಇಲ್ಲ.

ವೆಟರ್ನರಿ ಓದುವ ತಮ್ಮ · 1:06
ಯಾರೇ ಒಯ್ದರೂ ಒಂದು ಮಾತು. ಮೊದಲ ಕೆಲವು ದಿನ ಮೂಲೆ ಹಿಡಿದು ಕೂರ್ತಾನೆ, ಉಣ್ಣದೇ ಇರಬಹುದು. ಅದಕ್ಕೇ ಗಾಬರಿಯಾಗಿ ವಾಪಸ್ ಕಳಿಸಬೇಡಿ. ಬರೀ ಹಾಲು ಹಾಕಬೇಡಿ, ದೊಡ್ಡ ನಾಯಿಗೆ ಬಹಳಷ್ಟು ಸಲ ಹೊಟ್ಟೆ ಕೆಡುತ್ತೆ. ಉಳ್ಳಾಗಡ್ಡಿ ಹಾಕಿದ ಪಲ್ಲೆ, ದ್ರಾಕ್ಷಿ, ಚಾಕ್ಲೇಟ್ ಬೇಡವೇ ಬೇಡ. ರೇಬೀಸ್ ಲಸಿಕೆ ವರ್ಷ ವರ್ಷ ಹಾಕಿಸಿ. ಓಣಿ ನಾಯಿಗಳು ಅವನ ಮೇಲೆ ಏರಿ ಬರೋದು ಅವನು ಬಹಳ ದಿನ ಇಲ್ಲಿ ಇರಲಿಲ್ಲ ಅಂತ. ಗೇಟಿನ ಒಳಗೆ ಇದ್ದರೆ ಸ್ವಲ್ಪ ದಿನಕ್ಕೆ ಅವೂ ಸುಮ್ಮನಾಗ್ತವೆ. ಬೀದಿಗೆ ಬಿಟ್ಟರೆ ಆ ಕಾಲಿನಲ್ಲಿ ತಪ್ಪಿಸಿಕೊಂಡು ಓಡೋಕೆ ಆಗಲ್ಲ.

ನೀಲಿ ಗೇಟ್ ಮನೆ · ಸಂಜೆ 5:25
ಪೇಪರ್ ಚಲೋ ಆಯ್ತಂತೆ. ಮಗ ಬರುವಾಗ ದಾರಿಯಲ್ಲೇ ಆ ನಾಯಿಗೆ ಬಿಸ್ಕಿಟ್ ಹಾಕಿ ಬಂದಿದ್ದಾನೆ. ರಾತ್ರಿ ಅವನ ನಿದ್ದೆ ಕೆಡಿಸಿದ್ದು ಅದೇ ಅಂದರೆ 'ಅದಲ್ಲ ಪಪ್ಪಾ, ಉಳಿದವು' ಅಂತಾನೆ. ಈಗ ಇನ್ನೊಂದು ರಾಗ ಶುರು ಮಾಡಿದ್ದಾನೆ. ಪರೀಕ್ಷೆ ಮುಗಿಯೋವರೆಗೆ ನನ್ನನ್ನ ಯಾರೂ ಏನೂ ಕೇಳಬೇಡಿ.

ಮೇಲಿನ ಮನೆ ಬಾಡಿಗೆ ಹುಡುಗಿ · 5:26
ಮುಗಿದ ಮೇಲೆ ಕೇಳಬಹುದಾ ಅಂಕಲ್? 🙏

ಕಿರಾಣಿ ಕಾಕಾ · 5:29
ಮೊನ್ನೆ ಹೋಳಿಯಲ್ಲಿ ಮಧ್ಯರಾತ್ರಿವರೆಗೂ ಇದೇ ಅಪ್ಪಾಜಿ ಹಲಗಿ ಬಾರಿಸಿದ್ದು. ಆಗ ನಾಯಿಗಳು ಯಾವ ಗುಂಪಿಗೂ ಮೆಸೇಜು ಹಾಕಲಿಲ್ಲ.

ನೀಲಿ ಗೇಟ್ ಮನೆ · 5:30
ಹೋಳಿ ಬೇರೆ ಕಾಕಾ. ಬಾಗಲಕೋಟೆಯವರಾಗಿ ಹಿಂಗ ಮಾತಾಡ್ತೀರಲ್ಲ.

ಪೋರ್ಚ್ ಮನೆ ವೈನಿ · 6:12
ಅರ್ಜೆಂಟ್. ಈಗಷ್ಟೇ ಆ ಸೈಟಿನ ಜಾಲಿಕಂಟಿಯಿಂದ ಹಾವು ಬಂದು ನಮ್ಮ ಗಟಾರಕ್ಕೆ ಇಳೀತು. ಮಾರುದ್ದ. ಮಕ್ಕಳನ್ನ ಒಳಗೆ ಕರ್ಕೊಳ್ಳಿ.

ಹೊಸ ಡ್ಯೂಪ್ಲೆಕ್ಸ್ ಅಣ್ಣ · 6:13
ನಾಗರವಾ?

ಪೋರ್ಚ್ ಮನೆ ವೈನಿ · 6:13
ನಿಂತು ಹೆಡೆ ನೋಡೋಕೆ ಆಗುತ್ತಾ ಅಣ್ಣಾ!

ನಿವೃತ್ತ ಸಾಹೇಬ್ರು · 6:20
ನೋಡಿದಿರಾ. ಇದೇ ಮೂಲ ಸಮಸ್ಯೆ. ಬಳ್ಳಾರಿ ಜಾಲಿ ಆಳೆತ್ತರ ಬೆಳೆದಿದೆ. ನಾಯಿ, ಹಂದಿ, ಹಾವು ಎಲ್ಲದಕ್ಕೂ ಅದೇ ಮನೆ. ಕಂಟಿ ತೆಗೆದರೆ ನಾಯಿ ಗಲಾಟೆ ತಾನಾಗಿ ನಿಲ್ಲುತ್ತೆ. ಜೆಸಿಬಿಯವನ ಹತ್ತಿರ ಮಾತಾಡಿದ್ದೀನಿ, ಭಾನುವಾರ ಬೆಳಿಗ್ಗೆ ಏಳಕ್ಕೆ ಬರ್ತಾನೆ. ಸೈಟಿನ ಮಾಲೀಕರಿಗೆ ನಾನೇ ಹೇಳ್ತೀನಿ. ಮನೆಗೆ ₹500. ಫೋನ್‌ಪೇ ಮಾಡಿ ಇಲ್ಲಿ ಸ್ಕ್ರೀನ್‌ಶಾಟ್ ಹಾಕಿ.

ಅಡ್ಮಿನ್ · 6:22
ಒಳ್ಳೇ ಐಡಿಯಾ ಸರ್ 👍

ಮಾಸ್ತರ ಮನೆ ಅಕ್ಕ · 6:25
👍 ಕಳಿಸಿದೆ.

ಹೊಸ ಡ್ಯೂಪ್ಲೆಕ್ಸ್ ಅಣ್ಣ · 6:31
ಊಟದ ಖರ್ಚಿಗೆ ಅಂದಿದ್ದ ಸಾವಿರ ಇದಕ್ಕೇ ಹಾಕಿದ್ದೀನಿ. ಉಳಿದ ₹500 ಪೋರ್ಚ್ ಮನೆ ವೈನಿಯವರ ಲೆಕ್ಕಕ್ಕೆ ಹಿಡೀರಿ.

ನೀಲಿ ಗೇಟ್ ಮನೆ · 6:40
ಕಂಟಿ ತೆಗೆದ ಮೇಲೆ ಅಲ್ಲಿ ಕಾರು ನಿಲ್ಲಿಸಬಹುದಾ?

ನಿವೃತ್ತ ಸಾಹೇಬ್ರು · 6:41
ಪಾರ್ಕಿಂಗ್ ಬಗ್ಗೆ ಬೇರೆ ಮೀಟಿಂಗ್ ಮಾಡೋಣ. ಅದಕ್ಕೆ ಒಂದು ನಿಯಮ ಬೇಕು. ಹಳೇ ಮನೆಯವರಿಗೆ ಮೊದಲು.

ಪೋರ್ಚ್ ಮನೆ ವೈನಿ · 6:42
ಮತ್ತೆ ಶುರು.

ಮೇಲಿನ ಮನೆ ಬಾಡಿಗೆ ಹುಡುಗಿ · 7:15
ನಾನೂ ₹500 ಕಳಿಸಿದ್ದೀನಿ. ಭಾನುವಾರ ಜೆಸಿಬಿ ಬಂದರೆ ಕೆಂಚ್ಯಾನನ್ನ ಎಲ್ಲಿ ಕಟ್ಟಲಿ?

ನಿವೃತ್ತ ಸಾಹೇಬ್ರು · 7:16
ದಯವಿಟ್ಟು ವಿಷಯ ಬಿಟ್ಟು ಹೋಗಬೇಡಿ. ಇನ್ನೂ ಒಂಬತ್ತು ಮನೆ ಬಾಕಿ ಇದೆ.

ಕಿರಾಣಿ ಕಾಕಾ · 7:48
ಅಂಗಡಿ ಗೋಡೌನಿನಲ್ಲಿ ಇರಲಿ ತಂಗಿ, ಭಾನುವಾರದ ಮಟ್ಟಿಗೆ. ಒಣಮೀನಿನ ಚೀಲ ಮಾತ್ರ ಎತ್ತರಕ್ಕೆ ಇಡಬೇಕು.

ನಿವೃತ್ತ ಸಾಹೇಬ್ರು · 7:50
ಬಾಕಿ ಇದ್ದವರ ಪಟ್ಟಿ ಈಗ ಹಾಕ್ತಾ ಇದ್ದೀನಿ. ಕಾಕಾ, ಅದರಲ್ಲಿ ನಿಮ್ಮದೇ ಮೊದಲ ಹೆಸರು.