ಬಟ್ಟೆ ಡೈಪರ್‌ಗೆ ಪಾಲಿಕೆಯ ನೆರವು ಕೇಳಬೇಕೆಂದಿದ್ದೇನೆ: ಮನವಿಯಲ್ಲಿ ಏನು ಬರೆಯಲಿ?

ವಿದ್ಯಾರಣ್ಯಪುರದ ತಾಯಿ:

ನನ್ನ ಮಗಳಿಗೆ ಈಗ ಎಂಟು ತಿಂಗಳು. ಮೊದಲ ನಾಲ್ಕು ತಿಂಗಳು ಅಂಗಡಿಯ ಡೈಪರ್ ಹಾಕಿದೆವು. ಆಮೇಲೆ ಪೂರ್ತಿಯಾಗಿ ಬಟ್ಟೆಗೆ ಬಂದೆವು. ಅದಕ್ಕೆ ಕಾರಣ ಒಂದು ಬೆಳಗು. ರಾತ್ರಿ ಗೇಟಿನ ಪಕ್ಕ ಇಟ್ಟಿದ್ದ ಪೊಟ್ಟಣವನ್ನು ನಾಯಿಗಳು ಎಳೆದು ಹರಿದಿದ್ದವು. ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ನಿಯಮದಂತೆಯೇ ಇಟ್ಟಿದ್ದೆ. ನಾನು ಪೊರಕೆ ಹಿಡಿದು ಹೊರಗೆ ಬರುವಷ್ಟರಲ್ಲಿ ಕಸದ ಆಟೋ ಬಂದುಬಿಟ್ಟಿತ್ತು. ಪೌರಕಾರ್ಮಿಕ ಮಹಿಳೆಯೊಬ್ಬರು ಕುಕ್ಕರಗಾಲಿನಲ್ಲಿ ಕುಳಿತು ನನ್ನ ಮಗುವಿನ ಮಲವನ್ನು ಬರಿಗೈಯಲ್ಲಿ ಬಾಚುತ್ತಿದ್ದರು. ‘ಬಿಡಿ ಅಕ್ಕಾ, ನಾನು ತೆಗೆಯುತ್ತೇನೆ’ ಎಂದೆ. ‘ದಿನವೂ ಇದೇ ಕೆಲಸ ಅಲ್ಲವೇನಮ್ಮಾ’ ಎಂದರು. ಆ ದನಿಯಲ್ಲಿ ಸಿಟ್ಟು ಇರಲಿಲ್ಲ. ನನಗೆ ಅಂದು ತಿಂಡಿ ಸೇರಲಿಲ್ಲ.

ದಿನಕ್ಕೆ ಆರರಂತೆ ಹಿಡಿದರೂ ಎರಡು ವರ್ಷಕ್ಕೆ 4380 ಡೈಪರ್. ಅದರೊಳಗೆ ಇರುವುದು ಮರದ ತಿರುಳು, ಪ್ಲಾಸ್ಟಿಕ್ ಪದರ, ನೀರು ಹೀರಿ ಉಬ್ಬುವ ಸೋಡಿಯಂ ಪಾಲಿಅಕ್ರಿಲೇಟ್. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ನಮ್ಮ ಬೆಂಗಳೂರಿಗೆ ಕಡ್ಡಾಯ ಮಾಡಿತಲ್ಲ, ಅದರಲ್ಲಿ ಹಸಿರು ಬುಟ್ಟಿಯದು ಗೊಬ್ಬರವಾಗಬಹುದು, ಚೀಲದ್ದು ಒಣ ಕಸ ಕೇಂದ್ರಕ್ಕೆ ಹೋಗಬಹುದು. ಕೆಂಪು ಬುಟ್ಟಿಯ ಡೈಪರನ್ನು ಸುಡಬೇಕು, ಇಲ್ಲವೇ ಯಾರದೋ ಊರಿನ ಪಕ್ಕ ಹೂಳಬೇಕು. ಮಾವಳ್ಳಿಪುರದವರೂ ಮಂಡೂರಿನವರೂ ನಮ್ಮ ಕಸ ತಮಗೆ ಬೇಡವೆಂದು ಬೀದಿಗಿಳಿದದ್ದು ತೀರ ಹಳೆಯ ಮಾತೇನಲ್ಲ.

ನನ್ನ ಬಳಿ ಈಗ 20 ಬಟ್ಟೆ ಡೈಪರ್‌ಗಳಿವೆ. ಅತ್ತೆಯವರು ತಮ್ಮ ಹಳೆಯ ಹತ್ತಿ ಸೀರೆಗಳಿಂದ ಹೊಲಿದುಕೊಟ್ಟ 30 ಲಂಗೋಟಿಗಳಿವೆ. ಒಟ್ಟು ಖರ್ಚು 7600 ರೂಪಾಯಿ. ಅಂಗಡಿಯ ಡೈಪರ್‌ಗೆ ತಿಂಗಳಿಗೆ 1800 ರೂಪಾಯಿ ಹೋಗುತ್ತಿತ್ತು, ಆದ್ದರಿಂದ ಹಾಕಿದ ಹಣ ಆಗಲೇ ಬಹುಪಾಲು ಹುಟ್ಟಿದೆ. ಆದರೆ ನಮ್ಮ ಮನೆಗೆಲಸಕ್ಕೆ ಬರುವಾಕೆಯ ಸೊಸೆಗೆ ಇದನ್ನು ಹೇಳಿದಾಗ ಅವಳು, ‘ಒಂದೇ ಸಲ ಏಳು ಸಾವಿರ ಎಲ್ಲಿಂದ ತರಲಿ ಅಕ್ಕಾ’ ಎಂದಳು. ಅವಳು ಐದು ಡೈಪರ್‌ಗಳ ಸಣ್ಣ ಪೊಟ್ಟಣವನ್ನು ಕೂಲಿ ಬಂದ ದಿನ ಕೊಳ್ಳುತ್ತಾಳೆ. ಒಂದೊಂದಕ್ಕೆ ನನಗಿಂತ ಹೆಚ್ಚು ಕೊಡುತ್ತಾಳೆ.

ಲಂಡನ್‌ನಲ್ಲಿರುವ ನನ್ನ ಅಕ್ಕ ಮಗುವಾದಾಗ ‘ರಿಯಲ್ ನ್ಯಾಪೀಸ್ ಫಾರ್ ಲಂಡನ್’ ಎಂಬ ಯೋಜನೆಯ ವೋಚರ್ ತೋರಿಸಿ ಬಟ್ಟೆ ನ್ಯಾಪಿ ಕೊಂಡಳು. ಹಣ ಕೊಡುವುದು ಅವಳ ಬಡಾವಣೆಯ ಸ್ಥಳೀಯ ಆಡಳಿತ. ಕಸ ಹೊತ್ತು ಸಾಗಿಸುವುದಕ್ಕಿಂತ ಕಸ ಹುಟ್ಟದಂತೆ ನೋಡಿಕೊಳ್ಳುವುದು ಅಗ್ಗ ಎಂಬ ಲೆಕ್ಕ. ನಮ್ಮಲ್ಲಿ 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆ ಕಸದ ಶುಲ್ಕವೂ ಬರುತ್ತಿದೆ, ಮನೆಯ ವಿಸ್ತೀರ್ಣ ನೋಡಿ ತಿಂಗಳಿಗೆ 10ರಿಂದ 400 ರೂಪಾಯಿ. ದಿನಕ್ಕೆ ಆರು ಡೈಪರ್ ಎಸೆದರೂ ಅಷ್ಟೇ, ಒಂದೂ ಎಸೆಯದಿದ್ದರೂ ಅಷ್ಟೇ. ಬಟ್ಟೆಗೆ ಮೊದಲೇ ಹಣ ಹಾಕಿ ದಿನವೂ ಒಗೆಯುವವಳು ತಾಯಿ, ಸಾಗಣೆಯ ಖರ್ಚು ಉಳಿಯುವುದು ಪಾಲಿಕೆಗೆ. ಅದರಲ್ಲೊಂದು ಪಾಲನ್ನು ತಾಯಂದಿರಿಗೆ ಕೊಡಿ ಎಂದು ಕೇಳುವುದು ನನಗೆ ನ್ಯಾಯವೆಂದೇ ಕಾಣುತ್ತದೆ.

ಮನವಿ ಯಾರಿಗೆ ಕೊಡಬೇಕು? ಶುಲ್ಕದಲ್ಲಿ ರಿಯಾಯಿತಿ ಕೇಳಲೇ, ವೋಚರ್ ಕೇಳಲೇ, ಬಟ್ಟೆಯನ್ನೇ ಕೇಳಲೇ? ನಮ್ಮ ದೇಶದಲ್ಲಿ ಯಾವುದಾದರೂ ಸ್ಥಳೀಯ ಆಡಳಿತ ಇಂಥದ್ದನ್ನು ಮಾಡಿದ್ದರೆ ದಯವಿಟ್ಟು ತಿಳಿಸಿ.

ಮಹದೇವಪುರದಿಂದ ಒಬ್ಬಳು:

ನಿಮ್ಮ ಕಳಕಳಿ ನನಗೆ ಮುಟ್ಟಿತು. ಆದರೂ ಒಂದು ಮಾತು ಹೇಳಲೇಬೇಕು. 2024ರ ಮಾರ್ಚ್‌ನಲ್ಲಿ ನನ್ನ ಮಗ ಆರು ತಿಂಗಳ ಕೂಸು. ಕಟ್ಟಡದ ಬೋರ್‌ವೆಲ್ ಬತ್ತಿತ್ತು, ಟ್ಯಾಂಕರ್ ಎರಡು ದಿನಕ್ಕೊಮ್ಮೆ ಬರುತ್ತಿತ್ತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿದ ದಿನಗಳವು. ಪಾತ್ರೆ ತೊಳೆದ ನೀರನ್ನು ಕಮೋಡಿಗೆ ಹಾಕುತ್ತಿದ್ದೆ. ಆಗ ಯಾರಾದರೂ ಬಂದು ಬಟ್ಟೆ ಡೈಪರ್ ಬಳಸಿ ಎಂದಿದ್ದರೆ ನಾನು ಅತ್ತುಬಿಡುತ್ತಿದ್ದೆ.

ನೀರು ಬಂದ ಮೇಲೂ ಪ್ರಯತ್ನಿಸಿದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವಂತಿಲ್ಲ, ಕಟ್ಟಡದ ಅಂದ ಕೆಡುತ್ತದೆಯಂತೆ. ಮನೆಯೊಳಗೆ ಒಣಗಿಸಿದರೆ ಮಳೆಗಾಲದಲ್ಲಿ ಎರಡು ದಿನವಾದರೂ ಮುಗ್ಗಲು ವಾಸನೆ ಹೋಗುವುದಿಲ್ಲ. ಮಗನನ್ನು ಬಿಡುವ ಶಿಶುಪಾಲನಾ ಕೇಂದ್ರದವರು ಬಟ್ಟೆಯದನ್ನು ಮುಟ್ಟುವುದಿಲ್ಲ ಎಂದರು.

ಅಜ್ಜಿಯರ ಕಾಲದಲ್ಲಿ ಎಲ್ಲ ಮಕ್ಕಳಿಗೂ ಲಂಗೋಟಿಯೇ ಇತ್ತು ಎಂದು ಹೇಳುವವರು ಬಹಳ ಮಂದಿ. ಆ ಲಂಗೋಟಿಗಳನ್ನು ಒಗೆದವರು ಯಾರು ಎಂದು ಅವರು ಹೇಳುವುದಿಲ್ಲ. ನಿಮ್ಮ ಮನವಿಯಲ್ಲಿ ಆ ಪ್ರಶ್ನೆಗೆ ಒಂದು ಸಾಲಾದರೂ ಇರಲಿ.

ಹೆರಿಗೆ ವಾರ್ಡಿನ ನಿವೃತ್ತ ದಾದಿ:

ನೋಡಮ್ಮಾ, ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ಇದ್ದವಳು ನಾನು. ಮಗುವಿಗೆ ಏನು ಹಾಕಬೇಕೆಂಬುದು ಮೊದಲ ಮೂರು ದಿನಗಳಲ್ಲೇ ತೀರ್ಮಾನವಾಗಿಬಿಡುತ್ತದೆ. ಆಸ್ಪತ್ರೆಯಲ್ಲಿ ಡೈಪರ್ ಹಾಕಿ ಕಳುಹಿಸಿದರೆ ಮನೆಯಲ್ಲೂ ಡೈಪರ್. ಆದ್ದರಿಂದ ಕೇಳುವುದಾದರೆ ಪಾಲಿಕೆಯ ಹೆರಿಗೆ ಆಸ್ಪತ್ರೆಗಳಿಂದ ಶುರು ಮಾಡಬೇಕು. 2007ರಲ್ಲಿ ಸರ್ಕಾರಿ ಆಸ್ಪತ್ರೆಯ ಬಡ ಬಾಣಂತಿಯರಿಗಾಗಿ ಮಡಿಲು ಕಿಟ್ ಬಂತು. ಅದರ ಸೊಳ್ಳೆ ಪರದೆಯನ್ನು ಎಷ್ಟೋ ಮನೆಗಳಲ್ಲಿ ಮಗು ಶಾಲೆಗೆ ಹೋಗುವವರೆಗೆ ಬಳಸಿದ್ದನ್ನು ನಾನೇ ಕೇಳಿದ್ದೇನೆ. ಕೈಗೆ ಕೊಟ್ಟ ವಸ್ತು ಬಳಕೆಗೆ ಬರುತ್ತದೆ. ವೋಚರ್ ಹಿಡಿದು ಅಂಗಡಿ ಹುಡುಕುವ ಶಕ್ತಿ ಹಸಿ ಬಾಣಂತಿಗೆ ಇರುವುದಿಲ್ಲ.

ಇನ್ನೊಂದು ಮಾತು. ಬಟ್ಟೆ ಕೊಟ್ಟರೆ ಸಾಲದು, ತೋರಿಸಿಕೊಡಬೇಕು. ಹೊಸ ಹತ್ತಿ ಬಟ್ಟೆ ನಾಲ್ಕೈದು ಸಲ ನೀರು ಕಾಣುವವರೆಗೆ ಸರಿಯಾಗಿ ಹೀರುವುದಿಲ್ಲ. ಮೊದಲ ದಿನವೇ ಸೋರಿತೆಂದು ಎಷ್ಟು ಜನ ಮೂಲೆಗೆ ಎಸೆಯುತ್ತಾರೋ! ಬಟ್ಟೆ ಮೆತ್ತಗಾಗಲೆಂದು ಹಾಕುವ ಸುವಾಸನೆಯ ದ್ರಾವಣವನ್ನು ಸೋಕಿಸಲೂ ಬಾರದು, ಅದರಿಂದ ಬಟ್ಟೆ ನೀರು ಹೀರುವುದನ್ನೇ ಬಿಡುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರೆ ಸೋಪಿನ ಅಂಶ ಉಳಿಯದಂತೆ ಇನ್ನೊಮ್ಮೆ ಜಾಲಿಸಬೇಕು, ಇಲ್ಲದಿದ್ದರೆ ಮಗುವಿನ ಚರ್ಮ ಕೆಂಪಾಗುತ್ತದೆ. ಮಲವನ್ನು ಜೆಟ್‌ನಿಂದ ನೇರವಾಗಿ ಕಮೋಡಿಗೆ ತೊಳೆದರೆ ಕೈಗೆ ತಾಗುವುದೇ ಇಲ್ಲ. ಕೆಲವರು ರಾತ್ರಿಗೆ ಮಾತ್ರ ಅಂಗಡಿಯದನ್ನು ಹಾಕುತ್ತಾರೆ. ಹಾಕಲಿ ಬಿಡಿ. ಆರರಲ್ಲಿ ಐದು ಉಳಿಯಿತಲ್ಲ.

ಮಹದೇವಪುರದ ಮಗಳೇ, ನೀರಿಲ್ಲದ ದಿನಗಳಲ್ಲಿ ನೀನು ಮಾಡಿದ್ದು ಸರಿಯೇ. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ವಾರ್ಡ್ ಸಮಿತಿಯಲ್ಲಿದ್ದವನು:

ಯಾರಿಗೆ ಕೊಡಬೇಕೆಂಬ ಪ್ರಶ್ನೆಗೆ ಉತ್ತರ: 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದ ಮೇಲೆ ನಿಮ್ಮ ಬಡಾವಣೆ ಬೆಂಗಳೂರು ಉತ್ತರ ನಗರ ಪಾಲಿಕೆಗೆ ಸೇರಿದೆ. ಮನವಿ ಅಲ್ಲಿನ ಆಯುಕ್ತರಿಗೆ, ಪ್ರತಿ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತಕ್ಕೆ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಯಾವ ಕಾಗದವನ್ನೂ ಕೊಟ್ಟು ಬರಬೇಡಿ.

ಶುಲ್ಕದ ರಿಯಾಯಿತಿ ಕೇಳಬೇಡಿ. ಯಾರ ಮನೆಯಲ್ಲಿ ಎಷ್ಟು ಡೈಪರ್ ಎಂದು ಪರೀಕ್ಷಿಸುವವರಿಲ್ಲ ಎಂಬ ಒಂದೇ ಕಾರಣಕ್ಕೆ ಕಡತ ಮುಚ್ಚಿಹೋಗುತ್ತದೆ. ಅಲ್ಲದೆ ಆ ಶುಲ್ಕ ಕಟ್ಟುವವರು ಮನೆಯ ಮಾಲೀಕರು, ನೀವು ಹೇಳಿದ ಆ ಸೊಸೆಗೆ ಅದರಿಂದ ನಯಾಪೈಸೆ ಸಿಗುವುದಿಲ್ಲ.

ಡೈಪರ್‌ನದೇ ಉದಾಹರಣೆ ಬೇಕೆಂದು ಕಾಯದೆ ಪಕ್ಕದ್ದನ್ನು ತೋರಿಸಿ. 2019ರಲ್ಲಿ ಕೇರಳದ ಆಲಪ್ಪುಳ ನಗರಸಭೆ 5000 ಮುಟ್ಟಿನ ಕಪ್‌ಗಳನ್ನು ಉಚಿತವಾಗಿ ಹಂಚಿತು. ಮುಟ್ಟಿನ ಪ್ಯಾಡ್ ಕೂಡ ಕೆಂಪು ಬುಟ್ಟಿಯದೇ ಸಮಸ್ಯೆ. ನಮ್ಮ ಊರಿನಲ್ಲೇ ಅದಮ್ಯ ಚೇತನ ಸಂಸ್ಥೆಯವರ ತಟ್ಟೆ ಬ್ಯಾಂಕ್ ಇದೆ, ಸಮಾರಂಭಕ್ಕೆ ಸ್ಟೀಲ್ ತಟ್ಟೆ ಲೋಟ ಒಯ್ದು ಹಿಂದಿರುಗಿಸುತ್ತೇವೆ. ಲಂಗೋಟಿ ಬ್ಯಾಂಕ್ ಏಕಾಗಬಾರದು? ಜೊತೆಗೆ 2016ರ ಘನತ್ಯಾಜ್ಯ ನಿಯಮಗಳನ್ನು ಉಲ್ಲೇಖಿಸಿ. ತಯಾರಕರು ಮರುಸಂಸ್ಕರಿಸಬಹುದಾದ ಸಾಮಗ್ರಿ ಬಳಸುವ ಸಾಧ್ಯತೆ ಹುಡುಕಬೇಕು, ಇಲ್ಲವಾದರೆ ಪ್ರತಿ ಡೈಪರನ್ನೂ ಸುತ್ತಿ ಎಸೆಯಲು ಪ್ಯಾಕೆಟ್ಟಿನ ಜೊತೆ ಚೀಲ ಕೊಡಬೇಕೆಂದು ಅದರಲ್ಲಿತ್ತು. ನಾವೆಲ್ಲ ಈವರೆಗೆ ಹಳೆಯ ಪತ್ರಿಕೆಯಲ್ಲೇ ಸುತ್ತುತ್ತಿದ್ದೇವೆ.

ಯಲಹಂಕದ ಅಪ್ಪ:

ನಮ್ಮ ಮನೆಯಲ್ಲಿ ಲಂಗೋಟಿ ಒಗೆಯುವುದು ನಾನು. ಬೆಳಿಗ್ಗೆ ಐದೂವರೆಗೆ, ಕೆಲಸಕ್ಕೆ ಹೊರಡುವ ಮುನ್ನ. ಮನವಿಗೆ ಸಹಿ ಬೇಕಿದ್ದರೆ ನನ್ನದೂ ಇರಲಿ. ಅದರಲ್ಲಿ ‘ತಾಯಂದಿರು’ ಎಂದು ಬರೆದ ಕಡೆಯೆಲ್ಲ ‘ಪೋಷಕರು’ ಎಂದು ಬರೆಯಿರಿ ಎಂಬುದು ನನ್ನ ಪ್ರಾರ್ಥನೆ.

ವಿದ್ಯಾರಣ್ಯಪುರದ ತಾಯಿ:

ಎಲ್ಲರಿಗೂ ಕೃತಜ್ಞತೆಗಳು. ಎರಡು ದಿನ ತಡವಾಗಿ ಉತ್ತರಿಸುತ್ತಿದ್ದೇನೆ, ಏಕೆಂದರೆ ಮಹದೇವಪುರದವರ ಮಾತು ನನ್ನನ್ನು ನಿದ್ದೆ ಮಾಡಗೊಡಲಿಲ್ಲ. ಬಕೆಟ್ ಇಟ್ಟು ಅಳೆದೆ. ಜಾಲಿಸುವುದೂ ಯಂತ್ರದಲ್ಲಿ ಒಗೆಯುವುದೂ ಸೇರಿ ದಿನಕ್ಕೆ ಸುಮಾರು 45 ಲೀಟರ್ ಆಗುತ್ತಿದೆ. ನಮಗೆ ಕಾವೇರಿ ನೀರು ಬರುತ್ತದೆ, ತಾರಸಿಯಿದೆ, ಅತ್ತೆಯವರಿದ್ದಾರೆ. ಈ ಮೂರೂ ಇಲ್ಲದವರಿಗೆ ನಾನು ಉಪದೇಶ ಮಾಡುವಂತಿಲ್ಲ.

ಅಕ್ಕ ಕಳುಹಿಸಿದ ಬ್ರಿಟನ್ನಿನ ವರದಿಗಳನ್ನೂ ಓದಿದೆ. ಅಲ್ಲಿನ ಪರಿಸರ ಸಂಸ್ಥೆ 2008ರಲ್ಲಿ ಹೇಳಿದ್ದು ಇಷ್ಟು: ಬಟ್ಟೆ ನ್ಯಾಪಿಯ ಲಾಭವೆಲ್ಲ ಒಗೆಯುವ ರೀತಿಯಲ್ಲಿದೆ. ಯಂತ್ರ ತುಂಬ ಹಾಕಿ ಒಗೆದು, ಹಗ್ಗದ ಮೇಲೆ ಒಣಗಿಸಿ, ಎರಡನೆಯ ಮಗುವಿಗೂ ಬಳಸಿದರೆ ಉಳಿತಾಯ, ಬಿಸಿಗಾಳಿಯ ಯಂತ್ರದಲ್ಲಿ ಒಣಗಿಸಿದರೆ ಅದು ಕರಗಿಹೋಗುತ್ತದೆ. 2023ರ ಸರ್ಕಾರಿ ಅಧ್ಯಯನದ ಪ್ರಕಾರ ಅಲ್ಲಿ ಬಟ್ಟೆಯದರಿಂದ ಇಂಗಾಲದ ಹೊರೆ ಶೇ 25ರಷ್ಟು ಕಡಿಮೆ. ನಮ್ಮಲ್ಲಿ ಬಿಸಿಲೇ ಒಣಗಿಸಿಕೊಡುತ್ತದೆ. ಹಾಗಾದರೆ ಆ ಬಿಸಿಲಿಗೆ ಅಡ್ಡ ನಿಂತಿರುವ ಬಾಲ್ಕನಿಯ ನಿಯಮವನ್ನು ಬಿಟ್ಟು ವೋಚರ್ ಒಂದನ್ನೇ ಕೇಳಿದರೆ ಅರ್ಧ ಕೆಲಸವಷ್ಟೇ ಆಗುತ್ತದೆ.

ಆದ್ದರಿಂದ ಮನವಿ ಬದಲಾಗಿದೆ. ಪಾಲಿಕೆಯ ಎರಡು ಹೆರಿಗೆ ಆಸ್ಪತ್ರೆಗಳಲ್ಲಿ, ಒಂದು ವರ್ಷ, ಬೇಕೆಂದು ಕೇಳಿದ ಬಾಣಂತಿಗೆ ಮಾತ್ರ ಬಟ್ಟೆ ಡೈಪರ್‌ಗಳನ್ನು ಎರವಲು ಕೊಡಲಿ. ಮಗು ಬೆಳೆದ ಮೇಲೆ ಹಿಂದಿರುಗಿಸಿದ್ದನ್ನು ಒಗೆದು, ಕುದಿಸಿ, ಮುಂದಿನವರಿಗೆ ಕೊಡಲಿ. ಆ ಕೆಲಸಕ್ಕೆ ಸಂಬಳವಿರಬೇಕು, ಯಾವ ಆಯಾಳ ತಲೆಯ ಮೇಲೂ ಪುಕ್ಕಟೆಯಾಗಿ ಹೊರಿಸಬಾರದು ಎಂದು ಬರೆಯುತ್ತಿದ್ದೇನೆ. ಮಗುವಿನ ಬಟ್ಟೆ ಒಣಗಿಸುವುದನ್ನು ತಡೆಯದಂತೆ ವಸತಿ ಸಂಘಗಳಿಗೆ ಪಾಲಿಕೆ ಸೂಚನೆ ಕಳುಹಿಸಲಿ ಎಂಬುದು ಎರಡನೆಯ ಬೇಡಿಕೆ. ‘ಪೋಷಕರು’ ಎಂದೂ ತಿದ್ದಿದ್ದೇನೆ.

ಶನಿವಾರ ಕರಡನ್ನು ಇಲ್ಲಿ ಹಾಕುತ್ತೇನೆ. ಕಸದ ಆಟೋದ ಆ ಅಕ್ಕನಿಗೂ ಹೇಳಿದೆ. ತನ್ನ ಹೆಬ್ಬೆಟ್ಟಿನ ಗುರುತನ್ನೂ ಹಾಕುತ್ತೇನೆ ಎಂದರು. ದಾದಿ ಅಮ್ಮನವರೇ, ಒಂದು ಮಗುವಿಗೆ ಎಷ್ಟು ಬಟ್ಟೆ ಎಂದು ಬರೆಯಲಿ? ನನ್ನ 20 ಹೆಚ್ಚಾಯಿತೇ?

ಹೆರಿಗೆ ವಾರ್ಡಿನ ನಿವೃತ್ತ ದಾದಿ:

ಹನ್ನೆರಡು ಡೈಪರ್, ಎರಡು ಡಜನ್ ಲಂಗೋಟಿ ಎಂದು ಬರೆಯಮ್ಮಾ. ಮಳೆಗಾಲದಲ್ಲಿ ಹುಟ್ಟುವ ಕೂಸಿಗೆ ಇನ್ನೊಂದು ಡಜನ್ ಲಂಗೋಟಿ. ಕೊಡುವ ಮೊದಲು ನಾಲ್ಕು ಸಲ ಒಗೆದಿರಬೇಕು ಎಂಬುದನ್ನು ಮರೆಯದೆ ಸೇರಿಸು.