ಬೀಗ ತೆರೆಯುವ ಅಭ್ಯಾಸಕ್ಕೆ ಅಣಕು ಬಾಗಿಲು: ಸಲಹೆ ಬೇಕು

ಪ್ರಶ್ನೆ:
ಕೀಲಿಯಿಲ್ಲದೆ ಬೀಗ ತೆರೆಯುವುದನ್ನು ಹವ್ಯಾಸವಾಗಿ ಕಲಿಯುತ್ತಿದ್ದೇನೆ. ವೈಸಿಗೆ (ವಸ್ತುವನ್ನು ಬಿಗಿಯಾಗಿ ಹಿಡಿಯುವ ಸಾಧನ) ಸಿಕ್ಕಿಸಿದಾಗ ಸುಲಭವಾಗಿ ತೆರೆಯುವ ಸಿಲಿಂಡರ್ (ಬೀಗದಲ್ಲಿ ಕೀಲಿ ಹೋಗುವ ಭಾಗ), ನೆಟ್ಟಗೆ ನಿಂತ ಬಾಗಿಲಿನಲ್ಲಿ ಮಣಿಯುವುದೇ ಇಲ್ಲ. ಮನೆಯ ಬಾಗಿಲನ್ನು ಮುಟ್ಟದೆ ಅಭ್ಯಾಸ ಮಾಡಲು ಮೇಜಿನ ಮೇಲಿಡುವಂಥ ಪುಟ್ಟ ಬಾಗಿಲನ್ನು ಹೇಗೆ ಮಾಡಿಕೊಳ್ಳಬಹುದೆಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1:
18 ಮಿ.ಮೀ. ದಪ್ಪದ ಎರಡು ಪ್ಲೈವುಡ್ ತುಂಡುಗಳನ್ನು ಅಂಟಿಸಿದರೆ ನಿಜವಾದ ಬಾಗಿಲಿನಷ್ಟೇ ದಪ್ಪ ದೊರೆಯುತ್ತದೆ. ಒಂದಡಿ ಅಗಲ, ಒಂದೂವರೆ ಅಡಿ ಎತ್ತರ ಧಾರಾಳವಾಯಿತು. ಯೂರೋ ಪ್ರೊಫೈಲ್ (ಮೇಲೆ ದುಂಡಗೆ, ಕೆಳಗೆ ಕಿರಿದಾಗಿರುವ ಬಗೆಯ) ಸಿಲಿಂಡರಿಗಾಗಿ 17 ಮಿ.ಮೀ. ರಂಧ್ರವನ್ನೂ ಅದರ ಕೆಳಗೆ 10 ಮಿ.ಮೀ. ಅಗಲದ ಸೀಳನ್ನೂ ಒಟ್ಟು ಎತ್ತರ 33 ಮಿ.ಮೀ. ಆಗುವಂತೆ ಕೊರೆದು, ಹಲಗೆಯ ಅಂಚಿನಿಂದ ಉದ್ದನೆಯ ಎಂ5 (5 ಮಿ.ಮೀ. ದಪ್ಪದ) ಸ್ಕ್ರೂ ಹಾಕಿ ಬಿಗಿಯಿರಿ. ಹಿಡಿಕೆ ಮತ್ತು ಅದರ ತಗಡನ್ನೂ ಜೋಡಿಸುವುದು ಒಳ್ಳೆಯದು, ಏಕೆಂದರೆ ಒತ್ತಡದ ಕಡ್ಡಿಗೆ (ಬೀಗ ತೆರೆಯುವಾಗ ಅದನ್ನು ತಿರುಗುವತ್ತ ಒತ್ತಿಹಿಡಿಯುವ ಸಾಧನ) ನಿಜವಾಗಿ ಅಡ್ಡಬರುವುದು ಅವೇ.

ಉತ್ತರ 2:
ನಿಮ್ಮ ತೊಂದರೆಗೆ ಬೀಗದ ಭಂಗಿಯೇ ಕಾರಣವಿರಬಹುದು. ಯೂರೋ ಸಿಲಿಂಡರನ್ನು ಸಾಮಾನ್ಯವಾಗಿ ಪಿನ್ನುಗಳು (ಸರಿಯಾದ ಕೀಲಿಯಿಲ್ಲದೆ ಬೀಗ ತಿರುಗದಂತೆ ತಡೆಯುವ ಪುಟ್ಟ ಕಡ್ಡಿಗಳು) ಕೆಳಗೆ ಬರುವಂತೆ ಕೂರಿಸುತ್ತಾರೆ, ಆದ್ದರಿಂದ ಅವುಗಳನ್ನು ಮೇಲೆತ್ತುವ ಬದಲು ಕೆಳಕ್ಕೆ ಒತ್ತಬೇಕಾಗುತ್ತದೆ. ವೈಸಿನಲ್ಲಿ ನೀವು ಅದನ್ನು ತಲೆಕೆಳಗಾಗಿ ಹಿಡಿದಿದ್ದರೆ ಕೈಗೆ ಮೇಲೆತ್ತುವ ರೂಢಿಯೇ ಬಂದಿರುತ್ತದೆ. ಮೊದಲು ಎರಡೇ ಪಿನ್ನುಗಳಿರುವ ಬೀಗದಿಂದ ಆರಂಭಿಸಿ, ಒಂದೊಂದಾಗಿ ಸೇರಿಸುತ್ತ ಹೋಗಿ.

ಉತ್ತರ 3:
ಹಲಗೆಯನ್ನು ಜಿ-ಕ್ಲಾಂಪಿನಿಂದ ಮೇಜಿಗೆ ಬಿಗಿದು, ನಿಂತಾಗ ಬೀಗ ಸೊಂಟಕ್ಕಿಂತ ತುಸು ಮೇಲೆ ಬರುವಂತೆ ನೋಡಿಕೊಳ್ಳಿ. ಬಳಕೆಯಲ್ಲಿರುವ ಬೀಗವನ್ನು ತೆಗೆದು ಇದಕ್ಕೆ ಜೋಡಿಸಬೇಡಿ, ಪಿನ್ನುಗಳು ಸವೆಯುತ್ತವೆ.