ಸಮಮಿತಿ: ‘ಇದೆ’, ‘ಇಲ್ಲ’ ಎಂದಷ್ಟೇ ಹೇಳಿದರೆ ಸಾಕೇ?

ಪ್ರಶ್ನೆ: ಕರಡುಪ್ರತಿ

ನಮಸ್ಕಾರ. ಮಕ್ಕಳಿಗಾಗಿ ಆಕೃತಿಗಳ ಕುರಿತು ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ‘ಸಮಾಂತರ ಚತುರ್ಭುಜಕ್ಕೆ ಸಮಮಿತಿ ಇಲ್ಲ’ ಎಂಬ ವಾಕ್ಯವಿದೆ. ಹಾಗೆ ಬರೆಯುವ ಮುನ್ನ ಓರೆಯಾದ ಒಂದು ಸಮಾಂತರ ಚತುರ್ಭುಜವನ್ನು ಕಾಗದದಲ್ಲಿ ಕತ್ತರಿಸಿಕೊಂಡು, ಮೊದಲು ಒಂದು ಕರ್ಣದ ಗುಂಟ, ಬಳಿಕ ಇನ್ನೊಂದರ ಗುಂಟ, ಆಮೇಲೆ ನಡುವಿನಲ್ಲಿ ಅಡ್ಡಕ್ಕೂ ಉದ್ದಕ್ಕೂ ಮಡಿಸಿ ನೋಡಿದ್ದೆ. ಒಮ್ಮೆಯೂ ಅಂಚಿಗೆ ಅಂಚು ಕೂಡಲಿಲ್ಲ. ಆದರೂ ಕರಡನ್ನು ಓದಿದ ಸ್ನೇಹಿತರೊಬ್ಬರು ಆ ವಾಕ್ಯ ತಪ್ಪು ಎನ್ನುತ್ತಾರೆ. ಇನ್ನೊಬ್ಬರು ‘ಸಮಮಿತಿ’ ಎಂಬುದು ಪಠ್ಯಪುಸ್ತಕದ ಒಣ ಪದ, ‘ಸೌಷ್ಠವ’ ಎಂದರೆ ಎಲ್ಲರಿಗೂ ತಿಳಿಯುತ್ತದೆ ಎಂದು ಸಲಹೆ ಕೊಟ್ಟಿದ್ದಾರೆ. ಈ ಎರಡೂ ಒಂದೇ ಅರ್ಥದ ಪದಗಳೇ? ನನ್ನ ವಾಕ್ಯದಲ್ಲಿರುವ ದೋಷವಾದರೂ ಏನು?

ಉತ್ತರ: ರೇಖಾಸಕ್ತ

ನಿಮ್ಮ ಕಾಗದ ಸುಳ್ಳು ಹೇಳಿಲ್ಲ, ಆದರೆ ನೀವು ಅದನ್ನು ಕೇಳಿದ್ದು ಒಂದೇ ಬಗೆಯ ಪ್ರಶ್ನೆ. ಅದೇ ತುಂಡನ್ನು ಮೇಜಿನ ಮೇಲಿನ ಹಾಳೆಯೊಂದರ ಮೇಲಿಟ್ಟು, ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಎರಡು ಕರ್ಣಗಳು ಕೂಡುವ ಬಿಂದುವಿನಲ್ಲಿ ಗುಂಡುಸೂಜಿ ಚುಚ್ಚಿ, ಕಾಗದವನ್ನು ನಿಧಾನವಾಗಿ ತಿರುಗಿಸಿ. ಅರ್ಧ ಸುತ್ತು, ಅಂದರೆ 180 ಡಿಗ್ರಿ ತಿರುಗಿದಾಗ ಅದು ತಾನು ಮೊದಲಿದ್ದ ಗೆರೆಯೊಳಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬಂದು ಕೂರುತ್ತದೆ. ಆ ಹೊತ್ತಿನಲ್ಲಿ ಕೋಣೆಯಿಂದ ಹೊರಗೆ ಹೋಗಿದ್ದವರು ಹಿಂದಿರುಗಿ ಬಂದರೆ, ಕಾಗದವನ್ನು ಯಾರಾದರೂ ಮುಟ್ಟಿದ್ದಾರೆಯೇ ಎಂದು ಹೇಳಲಾರರು.

ಗಣಿತದಲ್ಲಿ ಸಮಮಿತಿ ಎಂದರೆ ಇದೇ: ಏನನ್ನೋ ಮಾಡಿದ ಮೇಲೂ ಮಾಡಿದ್ದರ ಗುರುತು ಉಳಿಯದಿರುವುದು. ಮಡಿಸುವುದು, ಅಂದರೆ ಕನ್ನಡಿಯ ಪ್ರತಿಫಲನ, ಅಂಥ ಕ್ರಿಯೆಗಳಲ್ಲಿ ಒಂದು ಮಾತ್ರ, ತಿರುಗಿಸುವುದು ಇನ್ನೊಂದು, ಗೋಡೆಯ ಮೇಲಿನ ವಿನ್ಯಾಸದಂತೆ ಕೊನೆಯಿಲ್ಲದೆ ಮರುಕಳಿಸುವ ಚಿತ್ತಾರಗಳಲ್ಲಿ ಪಕ್ಕಕ್ಕೆ ಸರಿಸುವುದು ಮತ್ತೊಂದು. ಆದ್ದರಿಂದಲೇ ಗಣಿತಜ್ಞರು ಈ ಪದವನ್ನು ಗುಣವಾಚಕವಾಗಿ ಬಳಸುವುದಕ್ಕೆ ತೃಪ್ತರಾಗದೆ ಎಣಿಸತೊಡಗಿದರು. ಚೌಕಕ್ಕೆ 8 ಸಮಮಿತಿಗಳಿವೆ: ನಾಲ್ಕು ಮಡಿಕೆಗಳು, ಮೂರು ತಿರುಗುಗಳು, ಮತ್ತು ಏನನ್ನೂ ಮಾಡದೆ ಸುಮ್ಮನೆ ಬಿಡುವುದು. (ಈ ಕೊನೆಯದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆಂದರೆ ಮಕ್ಕಳು ನಗುತ್ತಾರೆ, ಆದರೆ ಅದಿಲ್ಲದೆ ಲೆಕ್ಕ ಕೂಡುವುದಿಲ್ಲ.) ಆಯತಕ್ಕೆ 4, ನಿಮ್ಮ ಓರೆ ಚತುರ್ಭುಜಕ್ಕೆ 2, ವೃತ್ತಕ್ಕೆ ಅನಂತ. ಅಂದಹಾಗೆ, ಆಯತವನ್ನೂ ಒಮ್ಮೆ ಕರ್ಣದ ಗುಂಟ ಮಡಿಸಿ ನೋಡಿ. ಎರಡು ತ್ರಿಭುಜಗಳು ಸರ್ವಸಮವಾಗಿದ್ದರೂ ಒಂದರ ಮೇಲೊಂದು ಕೂರುವುದಿಲ್ಲ. ಎರಡು ಭಾಗಗಳು ಸಮವಾಗಿದ್ದ ಮಾತ್ರಕ್ಕೆ ನಡುವಿನ ಗೆರೆ ಸಮಮಿತಿ ರೇಖೆಯಾಗುವುದಿಲ್ಲ ಎಂಬುದನ್ನು ತೋರಿಸಲು ಇದಕ್ಕಿಂತ ಸುಲಭದ ಉದಾಹರಣೆ ಇಲ್ಲ.

ಇದೇ ಅರ್ಥವನ್ನು ಭೌತಶಾಸ್ತ್ರವೂ ತನ್ನದಾಗಿಸಿಕೊಂಡಿತು. ಪ್ರಯೋಗವನ್ನು ಇಂದು ಮಾಡಿದರೂ ನಾಳೆ ಮಾಡಿದರೂ ನಿಯಮ ಬದಲಾಗದು ಎಂಬುದೂ ಒಂದು ಸಮಮಿತಿಯೇ, ಮತ್ತು ಶಕ್ತಿಯ ಸಂರಕ್ಷಣೆ ಅದರಿಂದಲೇ ಹೊರಡುತ್ತದೆ ಎಂದು ಗಣಿತಜ್ಞೆ ಎಮ್ಮಿ ನೋದರ್ 1918ರಲ್ಲಿ ಪ್ರಕಟಿಸಿದ ಪ್ರಮೇಯ ತೋರಿಸುತ್ತದೆ. ಅಲ್ಲಿ ಮಡಿಸಲು ಕಾಗದವೂ ಇಲ್ಲ, ಆಕೃತಿಯೂ ಇಲ್ಲ.

ಉತ್ತರ: ಪದಶೋಧ

ಪದದ ಬಗ್ಗೆ ನನ್ನದೊಂದು ಮಾತು. ‘ಸಿಮೆಟ್ರಿ’ಯ ಮೂಲ ಗ್ರೀಕಿನಲ್ಲಿದೆ: ‘ಸಿನ್’ ಎಂದರೆ ಜೊತೆಗೆ, ‘ಮೆಟ್ರಾನ್’ ಎಂದರೆ ಅಳತೆ. ಕನ್ನಡದ ‘ಸಮಮಿತಿ’ ಇದಕ್ಕೆ ಆಶ್ಚರ್ಯವಾಗುವಷ್ಟು ಹತ್ತಿರದಲ್ಲಿದೆ. ದಿನಬಳಕೆಯಲ್ಲಿ ‘ಮಿತಿ’ ಎಂದರೆ ಎಲ್ಲೆ ಎಂಬ ಅರ್ಥವೇ ಮೊದಲು ಹೊಳೆಯುವುದರಿಂದ ಓದುಗರು ತಡವರಿಸುತ್ತಾರೆ. ‘ಜ್ಯಾಮಿತಿ’, ‘ತ್ರಿಕೋನಮಿತಿ’ಗಳಲ್ಲಿರುವ ಮಿತಿಯೇ ಇದು ಎಂದು ಒಂದು ಸಾಲು ಸೇರಿಸಿದರೆ ತೊಡಕು ನೀಗುತ್ತದೆ.

ಕುತೂಹಲದ ಸಂಗತಿಯೆಂದರೆ ಗ್ರೀಕರು ಆ ಪದವನ್ನು ಕನ್ನಡಿಯ ಅರ್ಥದಲ್ಲಿ ಬಳಸಲೇ ಇಲ್ಲ. ಒಂದೇ ಅಳತೆಗೋಲಿನಿಂದ ಪೂರ್ಣವಾಗಿ ಅಳೆಯಬಹುದಾದ ಎರಡು ಪರಿಮಾಣಗಳನ್ನು ಯೂಕ್ಲಿಡ್ ‘ಸಿಮೆಟ್ರಾ’ ಎಂದು ಕರೆದ. ಆ ಲೆಕ್ಕದಲ್ಲಿ ಚೌಕದ ಬಾಹು ಮತ್ತು ಕರ್ಣ, ನಮ್ಮ ಕಣ್ಣಿಗೆ ಎಷ್ಟೇ ಒಪ್ಪವಾಗಿ ಕಂಡರೂ, ಪರಸ್ಪರ ‘ಅಸಿಮೆಟ್ರಾ’. ರೋಮನ್ ವಾಸ್ತುತಜ್ಞ ವಿಟ್ರೂವಿಯಸ್‌ಗೆ ಅದು ಭಾಗಗಳಿಗೂ ಇಡೀ ಕಟ್ಟಡಕ್ಕೂ ಇರಬೇಕಾದ ಪ್ರಮಾಣಬದ್ಧತೆಯಾಗಿತ್ತು. ಅವನ ಗ್ರಂಥವನ್ನು 1673ರಲ್ಲಿ ಫ್ರೆಂಚಿಗೆ ತಂದ ಕ್ಲೋದ್ ಪೆರೋ, ತನ್ನ ಭಾಷೆಯಲ್ಲಿ ಈ ಪದಕ್ಕೆ ಎಡಬಲಗಳ ಹೊಂದಿಕೆ ಎಂಬ ಬೇರೆಯೇ ಅರ್ಥ ಬಂದಿದೆ ಎಂದು ಗುರುತಿಸಬೇಕಾಯಿತು.

ಹಾಗಾಗಿ ‘ಸೌಷ್ಠವ’ ಆ ಹಳೆಯ ಅರ್ಥಕ್ಕೆ ಸಲ್ಲುತ್ತದೆ. ‘ಅಂಗಸೌಷ್ಠವ’ ಎನ್ನುವಾಗ ನಾವು ಎಡಗೈ ಬಲಗೈಗಳನ್ನು ಹೋಲಿಸುವುದಿಲ್ಲ. ಮೈಕಟ್ಟು ಚೆನ್ನಾಗಿದೆ ಎನ್ನುತ್ತೇವೆ. ಅದು ಮೆಚ್ಚುಗೆಯ ಪದ. ಸಮಮಿತಿ ಮೆಚ್ಚುಗೆಯಲ್ಲ, ಪರೀಕ್ಷಿಸಿ ಹೇಳಬಹುದಾದ ಸಂಗತಿ. ನಿಮ್ಮ ಲೇಖನದಲ್ಲಿ ಒಂದರ ಬದಲು ಇನ್ನೊಂದನ್ನು ಇಡಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಉತ್ತರ: ಹಿಂದುಮುಂದು

ಮೇಲಿನ ಎರಡೂ ಉತ್ತರಗಳನ್ನು ಒಪ್ಪುತ್ತಲೇ, ಯಾವ ಕ್ರಿಯೆ ಎಂಬುದರ ಜೊತೆಗೆ ಯಾವ ಘಟಕ ಎಂದೂ ಕೇಳಬೇಕು ಎನ್ನುತ್ತೇನೆ. ‘ವಿಕಟಕವಿ’ಯನ್ನು ಹಿಂದಿನಿಂದ ಓದಿದರೂ ‘ವಿಕಟಕವಿ’ಯೇ, ಇದು ಸಮಮಿತ ಪದವೆಂದು ಎಲ್ಲರೂ ಹೇಳುತ್ತೇವೆ. ಆದರೆ ಅದು ನಿಜವಾಗುವುದು ನಾವು ಅಕ್ಷರಗಳನ್ನು ಘಟಕವಾಗಿ ಹಿಡಿದಾಗ. ವ್ಯಂಜನ ಸ್ವರಗಳನ್ನು ಬಿಡಿಸಿ ಒಂದೊಂದೇ ಧ್ವನಿಯನ್ನು ಹಿಮ್ಮುಖವಾಗಿ ಜೋಡಿಸಿದರೆ ‘ಇವಕಟಕಿವ್’ ಎಂದಾಗುತ್ತದೆ, ‘ನಯನ’ ಎಂಬುದು ‘ಅನಯನ್’ ಆಗುತ್ತದೆ. ಇನ್ನು ಬರೆದ ಹಾಳೆಯನ್ನು ಕನ್ನಡಿಗೆ ಹಿಡಿದರೆ ಅಕ್ಷರಗಳೇ ತಿರುವುಮುರುವಾಗಿ ಓದಲಾಗುವುದಿಲ್ಲ. ಒಂದೇ ಪದ ಒಂದು ಪರೀಕ್ಷೆಯಲ್ಲಿ ಗೆದ್ದು ಎರಡರಲ್ಲಿ ಸೋಲುತ್ತದೆ.

ತರ್ಕಶಾಸ್ತ್ರದ ಬಳಕೆಯೂ ಹೀಗೆಯೇ, ಅಲ್ಲಿ ಅದಲುಬದಲು ಮಾಡುವುದೇ ಕ್ರಿಯೆ. ‘ಒಡಹುಟ್ಟಿದವರು’ ಎಂಬ ಸಂಬಂಧ ಸಮಮಿತ. ‘ಅಣ್ಣ’ ಎಂಬುದು ಎಂದಿಗೂ ತಿರುವುಮುರುವಾಗದು, ಆದ್ದರಿಂದ ಅಸಮಮಿತ. ‘ಮೆಚ್ಚುತ್ತಾರೆ’ ಎಂಬುದು ಕೆಲವೊಮ್ಮೆ ಎರಡೂ ಕಡೆಯಿಂದ ನಿಜ, ಕೆಲವೊಮ್ಮೆ ಅಲ್ಲ, ಹಾಗಾಗಿ ಅದು ಎರಡೂ ಗುಂಪಿಗೆ ಸೇರದು.

ಪ್ರತಿಕ್ರಿಯೆ: ಕರಡುಪ್ರತಿ

ಎಲ್ಲರಿಗೂ ಕೃತಜ್ಞತೆಗಳು. ಗುಂಡುಸೂಜಿಯ ಪ್ರಯೋಗವನ್ನು ಮಾಡಿ ನೋಡಿದೆ, ಕಾಗದ ಗೆರೆಯೊಳಗೆ ಸರಿಯಾಗಿ ಕೂತಿತು. ವಾಕ್ಯವನ್ನು ‘ಆಯತವೂ ವಜ್ರಾಕೃತಿಯೂ ಅಲ್ಲದ ಸಮಾಂತರ ಚತುರ್ಭುಜಕ್ಕೆ ಪ್ರತಿಫಲನ ಸಮಮಿತಿ ಇಲ್ಲ, ಅರ್ಧ ಸುತ್ತಿನ ಪರಿಭ್ರಮಣ ಸಮಮಿತಿ ಇದೆ’ ಎಂದು ತಿದ್ದಿದ್ದೇನೆ. ವಾಕ್ಯ ಉದ್ದವಾಯಿತು, ಮಕ್ಕಳಿಗೆ ಮೊದಲು ಕಾಗದ ಕತ್ತರಿಸಲು ಹೇಳಿ ಆಮೇಲೆ ಇದನ್ನು ಓದಿಸಬೇಕು.